ಹೊರಬಂದದ್ದೆಷ್ಟು, ಒಳಹೋದದ್ದೆಷ್ಟು: ಮನೆಯಲ್ಲೇ ಕಾರಿನ ಕೂಲಂಟ್ ಬದಲಿಸಿದ ಒಂದು ಪ್ರಕರಣ

ಹಿನ್ನೆಲೆ

ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಡೆದ ಪ್ರಕರಣವಿದು. ಕೂಲಂಟ್ ಎಂದರೆ ಎಂಜಿನ್ನನ್ನು ತಂಪಾಗಿಡಲು ಅದರೊಳಗೆ ಹರಿಯುವ ದ್ರವ. ಕಾರಿನ ಮಾಲೀಕರು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವರು. ಅವರ ಗುರುತು ಬೇಡವಾದ್ದರಿಂದ ಇಲ್ಲಿ ಮೇಷ್ಟ್ರು ಎಂದಷ್ಟೇ ಕರೆಯುತ್ತೇನೆ. ನಾನು ಅವರ ನೆರೆಮನೆಯವನು; ಹಲವು ವರ್ಷ ಗ್ಯಾರೇಜಿನಲ್ಲಿ ಕೆಲಸ ಮಾಡಿ, ಈಗ ಐಟಿಐಯಲ್ಲಿ ಮೋಟಾರು ವಾಹನ ವಿಭಾಗದ ಮಕ್ಕಳಿಗೆ ಪಾಠ ಹೇಳುತ್ತೇನೆ. ಈ ಪ್ರಕರಣದಲ್ಲಿ ನನ್ನದೂ ಒಂದು ಪಾಲಿದೆ, ಅದನ್ನು ಮೊದಲೇ ಹೇಳಿಬಿಡಬೇಕು. ಕಾಂಪೌಂಡಿನ ಆಚೆಯಿಂದ ಮೇಷ್ಟ್ರು ಒಂದು ಸಂಜೆ, "ಸಾರ್, ಕೂಲಂಟ್ ನಾವೇ ಬದಲಾಯಿಸಿಕೊಳ್ಳಬಹುದಾ?" ಎಂದು ಕೇಳಿದಾಗ, "ಧಾರಾಳವಾಗಿ ಮಾಡಬಹುದು ಮೇಷ್ಟ್ರೇ, ಕಷ್ಟದ ಕೆಲಸವೇನಲ್ಲ" ಎಂದು ಹೇಳಿ ಒಳಗೆ ಹೋದವನು ನಾನು. ಹೇಳಿದ ಮಾತು ಸುಳ್ಳಲ್ಲ. ಆದರೆ ಅದರ ಜೊತೆಗೆ ಹೇಳಲೇಬೇಕಾಗಿದ್ದ ಇನ್ನೆರಡು ಮಾತುಗಳನ್ನು ನಾನು ಹೇಳಿರಲಿಲ್ಲ.

ಕಾರು ಒಂಬತ್ತು ವರ್ಷ ಹಳೆಯದು, 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಸಣ್ಣ ಕಾರು. ಸುಮಾರು 86,000 ಕಿಲೋಮೀಟರ್ ಓಡಿತ್ತು. ಕೈಪಿಡಿಯ ಪ್ರಕಾರ ಅದರ ಕೂಲಿಂಗ್ ವ್ಯವಸ್ಥೆ, ಪಕ್ಕದ ರಿಸರ್ವಾಯರ್ ಡಬ್ಬಿಯೂ ಸೇರಿ, 4.5 ಲೀಟರ್ ಹಿಡಿಯುತ್ತದೆ. ಬೇಸಿಗೆ ರಜೆಯಲ್ಲಿ ಸಂಸಾರ ಸಮೇತ ತಿರುಮಲಕ್ಕೆ ಹೋಗುವ ಯೋಚನೆ ಅವರಿಗಿತ್ತು. ನಮ್ಮ ಕಡೆಯವರಿಗೆ ಮುಳಬಾಗಿಲು, ಪಲಮನೇರು, ಚಿತ್ತೂರು ಮಾರ್ಗವಾಗಿ ತಿರುಪತಿ ತಲುಪುವುದು ದೊಡ್ಡ ಪ್ರಯಾಣವಲ್ಲ. ಆದರೆ ಅಲಿಪಿರಿಯಿಂದ ಮೇಲೆ, ಐದು ಜನರನ್ನೂ ಸಾಮಾನನ್ನೂ ಹೊತ್ತು, ಎ.ಸಿ. ಹಾಕಿಕೊಂಡು, ಬೇಸಿಗೆಯ ಬಿಸಿಲಿನಲ್ಲಿ ಘಾಟಿ ಹತ್ತುವಾಗ ಎಂಜಿನ್ನಿನ ತಂಪು ಎಷ್ಟು ಗಟ್ಟಿ ಎಂಬುದು ಗೊತ್ತಾಗಿಬಿಡುತ್ತದೆ. ಹಾಗಾಗಿ ಮೂರು ವಾರ ಮುಂಚೆಯೇ ಅವರು ಬಾನೆಟ್ ತೆರೆದು ನೋಡಿದ್ದು ಮೆಚ್ಚಬೇಕಾದ ವಿಷಯ.

ಸಮಸ್ಯೆ

ರಿಸರ್ವಾಯರ್ ಡಬ್ಬಿಯಲ್ಲಿದ್ದ ದ್ರವ ಹೆಸರಿಗೆ ಮಾತ್ರ ಹಸಿರಾಗಿತ್ತು. ತಳದಲ್ಲಿ ತುಕ್ಕಿನ ಬಣ್ಣದ ಕೆಸರು ಕೂತಿತ್ತು. ರೇಡಿಯೇಟರ್ ಬಾಯಿಯ ಒಳಗೋಡೆಯಲ್ಲಿ, ನಮ್ಮ ಮನೆಗಳ ನೀರು ಕಾಯಿಸುವ ಪಾತ್ರೆಗಳ ತಳದಲ್ಲಿ ಕೂರುವಂಥದೇ ಬಿಳಿ ಪದರ. ಕಾರಣವನ್ನು ಮೇಷ್ಟ್ರೇ ಹೇಳಿದರು: ಕೆಲವು ವರ್ಷಗಳಿಂದ ಡಬ್ಬಿಯ ಮಟ್ಟ ಇಳಿದಾಗಲೆಲ್ಲ ಮನೆಯ ನಲ್ಲಿಯ ನೀರನ್ನು, ಅಂದರೆ ಬೋರ್‌ವೆಲ್ ನೀರನ್ನು, ಸುರಿಯುತ್ತಾ ಬಂದಿದ್ದರು. ಆ ನೀರನ್ನು ನಾನು ಆಮೇಲೆ ನಮ್ಮ ಸಂಸ್ಥೆಯ ಮಾಪಕದಲ್ಲಿ ಅಳೆದಾಗ ಅದರಲ್ಲಿ ಕರಗಿರುವ ಲವಣದ ಪ್ರಮಾಣ ಲೀಟರಿಗೆ 1,100 ಮಿಲಿಗ್ರಾಂ ಎಂದು ತೋರಿಸಿತು. ಬಟ್ಟೆ ಒಗೆದರೆ ಸೋಪು ನೊರೆ ಕಟ್ಟದ ನೀರು ಅದು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಸಿಯಾದ ಲೋಹದ ಮೇಲೆ ಪದರ ಕಟ್ಟುತ್ತವೆ. ಲೋಹದ ಬಿಸಿ ನೀರಿಗೆ ದಾಟದಂತೆ ಆ ಪದರ ಕಂಬಳಿಯಂತೆ ತಡೆಯುತ್ತದೆ.

"ನಮ್ಮೂರಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಲ್ಲ, ಮತ್ತೆ ಕೂಲಂಟ್ ಏಕೆ?" ಎಂದು ಅನೇಕರು ಕೇಳುತ್ತಾರೆ, ನನ್ನ ವಿದ್ಯಾರ್ಥಿಗಳೂ ಪ್ರತಿವರ್ಷ ಕೇಳುತ್ತಾರೆ. ಕೂಲಂಟಿನ ಮುಖ್ಯ ವಸ್ತು ಎಥಿಲೀನ್ ಗ್ಲೈಕಾಲ್. ಅರ್ಧ ಗ್ಲೈಕಾಲ್, ಅರ್ಧ ನೀರು ಬೆರೆತರೆ ಅದು ಹೆಪ್ಪುಗಟ್ಟುವುದು ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗೆ, ಇದು ಲಡಾಖಿನವರಿಗೆ ಮುಖ್ಯ. ನಮಗೆ ಬೇಕಾದದ್ದು ಅದರ ಇನ್ನೊಂದು ತುದಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಬಯಲುಸೀಮೆಯಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗಲ್ಲ, 97 ಡಿಗ್ರಿಗೇ ಕುದಿಯುತ್ತದೆ. ಆರೋಗ್ಯವಾಗಿರುವ ಎಂಜಿನ್ನಿನ ನೀರೂ ಸಂಚಾರದ ದಟ್ಟಣೆಯಲ್ಲಿ ಆ ಮಟ್ಟವನ್ನು ಮುಟ್ಟುತ್ತದೆ. ಗ್ಲೈಕಾಲ್ ಕುದಿಬಿಂದುವನ್ನು ಕೆಲವು ಡಿಗ್ರಿ ಏರಿಸುತ್ತದೆ, ರೇಡಿಯೇಟರ್ ಮುಚ್ಚಳ ಹಿಡಿದಿಡುವ ಒತ್ತಡ ಇನ್ನೂ ಹೆಚ್ಚು ಏರಿಸುತ್ತದೆ. ಎರಡೂ ಸರಿಯಿದ್ದರೆ ಕುದಿಬಿಂದು 125 ಡಿಗ್ರಿ ದಾಟುತ್ತದೆ. ಇದಕ್ಕಿಂತಲೂ ಮುಖ್ಯವಾದದ್ದು, ಎಂಜಿನ್ನಿನ ಮೇಲ್ಭಾಗವಾದ ಅಲ್ಯುಮಿನಿಯಂ ಹೆಡ್ಡು, ಕಬ್ಬಿಣ, ಬೆಸುಗೆ, ರಬ್ಬರು ಇವೆಲ್ಲ ಒಂದೇ ನೀರಿನಲ್ಲಿ ನೆನೆದಿರುವಾಗ ಅವು ಕೊರೆಯದಂತೆ ಕಾಯುವ ರಾಸಾಯನಿಕಗಳು ಕೂಲಂಟಿನಲ್ಲಿರುತ್ತವೆ. ನೀರು ಬೆರೆಸಿ ಬೆರೆಸಿ ತೆಳುವಾದರೆ ಆ ಕಾವಲೂ ತೆಳುವಾಗುತ್ತದೆ. ಹೆಪ್ಪುಗಟ್ಟುವ ಭಯವಿಲ್ಲದ ಊರುಗಳಲ್ಲಿಯೂ ಶೇ. 30ಕ್ಕಿಂತ ಕಡಿಮೆ ಬೆರಕೆ ಬೇಡವೆಂದು ಕೆಲವು ತಯಾರಕರ ಕೈಪಿಡಿಗಳು ಹೇಳುವುದು ಇದಕ್ಕೇ.

ಮೊದಲ ಪ್ರಯತ್ನ

ಮೇಷ್ಟ್ರು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಹಳೆಯ ಬಣ್ಣ ಹಸಿರೆಂದು ಹೇಳಿದರು. ಅಂಗಡಿಯವರು, "ಹಸಿರಿಗೆ ಹಸಿರೇ ಹಾಕಿ ಸಾರ್, ಅರ್ಧಕ್ಕರ್ಧ ನೀರು ಸೇರಿಸಿ" ಎಂದು ಒಂದೊಂದು ಲೀಟರಿನ ಮೂರು ಡಬ್ಬಿ ಕೊಟ್ಟರು. ಆ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಅದು ನೇರವಾಗಿ ಬಳಸಲು ಸಿದ್ಧವಾದ ಬೆರಕೆ ಎಂದು ಅಚ್ಚಾಗಿತ್ತು, ಅಂದರೆ ಅದರಲ್ಲಿ ಆಗಲೇ ಅರ್ಧ ನೀರಿತ್ತು. ಮಾರುಕಟ್ಟೆಯಲ್ಲಿ ನೀರು ಬೆರೆಸಬೇಕಾದ ಗಟ್ಟಿ ಕೂಲಂಟೂ ಇದೆ, ಬೆರೆಸಬಾರದ ಸಿದ್ಧ ಕೂಲಂಟೂ ಇದೆ. ಡಬ್ಬಿಗಳು ಅಣ್ಣತಮ್ಮಂದಿರಂತೆ ಕಾಣುತ್ತವೆ. ಬಣ್ಣವಂತೂ ಕೇವಲ ಬಣ್ಣ. ಒಂದು ಕಾಲದಲ್ಲಿ ಹಸಿರೆಂದರೆ ಹಳೆಯ ಸಿಲಿಕೇಟ್ ಮಾದರಿ, ಕಿತ್ತಳೆ ಅಥವಾ ಕೆಂಪೆಂದರೆ ದೀರ್ಘಕಾಲ ಬಾಳುವ ಸಾವಯವ ಆಮ್ಲದ ಮಾದರಿ ಎಂಬ ರೂಢಿಯಿತ್ತು; ಈಗ ಯಾವ ಕಂಪನಿ ಯಾವುದಕ್ಕೆ ಯಾವ ಬಣ್ಣ ಹಾಕುತ್ತದೆ ಎಂಬುದಕ್ಕೆ ಕಟ್ಟುಪಾಡಿಲ್ಲ. ನೋಡಬೇಕಾದದ್ದು ಡಬ್ಬಿಯ ಹಿಂಬದಿಯನ್ನು, ಕೈಪಿಡಿಯ ಪುಟವನ್ನು.

ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ, ಅವರು ಕೆಲಸಕ್ಕೆ ಕೂತರು. ಮುಚ್ಚಳ ತೆಗೆದು, ರೇಡಿಯೇಟರಿನ ಕೆಳಮೂಲೆಯ ಪ್ಲಾಸ್ಟಿಕ್ ಡ್ರೈನ್ ಪ್ಲಗ್ಗನ್ನು ಕೈಯಿಂದಲೇ ಸಡಿಲಿಸಿ, ಬಕೆಟ್ಟಿಗೆ ಇಳಿಸಿದರು. ರಿಸರ್ವಾಯರ್ ಡಬ್ಬಿಯನ್ನು ಬಿಚ್ಚಿ ತೊಳೆದರು. ಇಷ್ಟೂ ಸರಿಯಾಗಿಯೇ ಇತ್ತು. ಬಕೆಟ್ಟಿನಲ್ಲಿ ಎಷ್ಟು ಬಿತ್ತೆಂದು ಮಾತ್ರ ಅವರು ಅಳೆಯಲಿಲ್ಲ. ತೊಟ್ಟಿಕ್ಕುವುದು ನಿಂತದ್ದನ್ನು ಕಂಡು ಎಲ್ಲವೂ ಖಾಲಿಯಾಯಿತೆಂದು ತಿಳಿದರು. ವಾಸ್ತವದಲ್ಲಿ ಖಾಲಿಯಾದದ್ದು ರೇಡಿಯೇಟರ್ ಮತ್ತು ಡಬ್ಬಿ ಮಾತ್ರ. ಎಂಜಿನ್ ಬಿಸಿಯಾದಾಗ ಮಾತ್ರ ರೇಡಿಯೇಟರಿನ ದಾರಿ ತೆರೆಯುವ ಕವಾಟವಾದ ಥರ್ಮೋಸ್ಟಾಟ್ ಮುಚ್ಚಿಕೊಂಡಿದ್ದರಿಂದ ಎಂಜಿನ್ ಬ್ಲಾಕಿನಲ್ಲಿಯೂ ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರಿನ ಸುರುಳಿಯಲ್ಲಿಯೂ ಸುಮಾರು ಎರಡು ಲೀಟರ್ ಹಳೆಯ ನೀರು ಹಾಗೆಯೇ ಉಳಿದಿತ್ತು.

ಆಮೇಲೆ 1.25 ಲೀಟರ್ ಸಿದ್ಧ ಕೂಲಂಟಿಗೆ 1.25 ಲೀಟರ್ ಡಿಸ್ಟಿಲ್ಡ್ ವಾಟರ್ ಬೆರೆಸಿ, ರೇಡಿಯೇಟರ್ ಬಾಯಿಯವರೆಗೆ ತುಂಬಿ, ಡಬ್ಬಿಗೂ ಗೆರೆಯವರೆಗೆ ಹಾಕಿ, ಮುಚ್ಚಳ ಬಿಗಿದು, ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿದರು. ಬೆರೆಸಿಟ್ಟದ್ದರಲ್ಲಿ ಸ್ವಲ್ಪ ಮಿಕ್ಕಿತು. ಬಕೆಟ್ಟಿನ ಹಳೆಯ ನೀರನ್ನು ಮನೆಮುಂದಿನ ಚರಂಡಿಗೆ ಚೆಲ್ಲಿದರು.

ರಸ್ತೆಯಲ್ಲಿ

ಬುಧವಾರ ಮೇಷ್ಟ್ರು ತಮ್ಮ ತಂಗಿಯನ್ನು ಕರೆದುಕೊಂಡು ಪಕ್ಕದ ಊರಿಗೆ ಹೊರಟರು. ಆಕೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಅರ್ಧ ಗಂಟೆ ಓಡಿದ ಮೇಲೆ ಬಿಸಿಯ ಮುಳ್ಳು ಮಧ್ಯದಿಂದ ಮೇಲಕ್ಕೆ ಸರಿಯಿತು. ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಕೆಳಗಿಳಿಯಿತು. ಮೇಷ್ಟ್ರು ನಿರಾಳವಾದರು, ಇನ್ನೂ ಎರಡು ಕಿಲೋಮೀಟರ್ ಓಡಿಸಿದರು. ಈ ಇಳಿಕೆಯೇ ಅವರನ್ನು ದಾರಿ ತಪ್ಪಿಸಿದ್ದು. ಬಿಸಿಯನ್ನು ಅಳೆಯುವ ಸೆನ್ಸರ್ ದ್ರವದಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ಅದರ ಸುತ್ತ ಗಾಳಿಯ ಗುಳ್ಳೆ ನಿಂತರೆ ಎಂಜಿನ್ ಕಾಯುತ್ತಿದ್ದರೂ ಮುಳ್ಳು ಇಳಿಯಬಹುದು, ಫ್ಯಾನ್ ಶುರುವಾಗದೆಯೂ ಇರಬಹುದು. ಮುಳ್ಳು ಹೀಗೆ ಏರಿಳಿದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂದೇ ಮೊದಲು ಅನುಮಾನಿಸಬೇಕು. ಎರಡನೆಯ ಸಲ ಅದು ಏರಿದಾಗ ಕೆಂಪು ಗೆರೆಯ ಹತ್ತಿರ ಹೋಯಿತು, ಬಾನೆಟ್ಟಿನ ಸಂದಿಯಿಂದ ಹಬೆ ಕಾಣಿಸಿತು.

ರಸ್ತೆ ಬದಿಯ ಹುಣಸೆಮರದ ಕೆಳಗೆ ಕಾರು ನಿಲ್ಲಿಸಿ ಬಾನೆಟ್ ಎತ್ತಿದಾಗ ಡಬ್ಬಿ ತುಂಬಿ ತುಳುಕುತ್ತಾ ಗುಳುಗುಳು ಎನ್ನುತ್ತಿತ್ತು. ಡಬ್ಬಿಯಲ್ಲಿ ಇಷ್ಟಿರುವಾಗ ಒಳಗೂ ಇರಲೇಬೇಕೆಂದು ಭಾವಿಸಿ, ಮುಚ್ಚಳ ತೆಗೆದು ನೋಡಲು ಮೇಷ್ಟ್ರು ಕೈಗೆ ಟವೆಲ್ ಸುತ್ತಿಕೊಂಡರು. ತಂಗಿ ಅವರ ಕೈ ಹಿಡಿದುಕೊಂಡರು. "ಅಣ್ಣಾ, ಬೇಡ. ಮುಖ, ಎದೆ ಬೆಂದವರಿಗೆ ನಾನು ಡ್ರೆಸ್ಸಿಂಗ್ ಮಾಡಿದ್ದೇನೆ. ಅದು ತಣ್ಣಗಾಗುವ ತನಕ ಮುಟ್ಟಬೇಡ." ಈ ಇಡೀ ಪ್ರಕರಣದಲ್ಲಿ ಅತಿ ದೊಡ್ಡ ತೀರ್ಮಾನ ಯಾವುದೆಂದು ನನ್ನನ್ನು ಕೇಳಿದರೆ, ಆ ಹೆಣ್ಣುಮಗಳ ಆ ಮಾತನ್ನೇ ತೋರಿಸುತ್ತೇನೆ. ಮುಚ್ಚಳದ ಕೆಳಗೆ ಒತ್ತಡದಲ್ಲಿರುವ ದ್ರವ ನೂರು ಡಿಗ್ರಿಗಿಂತ ಹೆಚ್ಚು ಬಿಸಿಯಿದ್ದರೂ ಕುದಿಯದೆ ಕಾದಿರುತ್ತದೆ; ಮುಚ್ಚಳ ಸಡಿಲವಾದ ಕ್ಷಣವೇ ಅದು ಹಬೆಯಾಗಿ ಚಿಮ್ಮುತ್ತದೆ. ಟವೆಲ್ಲು ಅದನ್ನು ತಡೆಯುವುದಿಲ್ಲ.

ಮೇಷ್ಟ್ರು ನನಗೆ ಫೋನು ಮಾಡಿದರು. ಮನೆ ಅಲ್ಲಿಗೆ ಆರು ಕಿಲೋಮೀಟರ್. ತಣ್ಣಗಾದ ಮೇಲೆ ಮೆಲ್ಲಗೆ ಓಡಿಸಿಕೊಂಡು ಬರಲೇ ಎಂದು ಕೇಳಿದರು. ಬೇಡ, ಸ್ಟಾರ್ಟ್ ಮಾಡಲೇಬೇಡಿ ಎಂದೆ. ಅಲ್ಯುಮಿನಿಯಂ ಹೆಡ್ಡು ಒಂದು ಸಲ ಕಾದದ್ದನ್ನು ತಡೆದುಕೊಂಡಿರಬಹುದು. ಒಳಗೆ ಗಾಳಿ ಇಟ್ಟುಕೊಂಡು ಇನ್ನಾರು ಕಿಲೋಮೀಟರ್ ಓಡಿದರೆ ಅದು ಸೊಟ್ಟಗಾಗಿ ಅದರಡಿಯ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಬಹುದು. ಪರಿಚಯದವರ ಜೀಪಿಗೆ ಹಗ್ಗ ಕಟ್ಟಿ ನಿಧಾನವಾಗಿ ಎಳೆದು ತಂದೆವು. ಎಂಜಿನ್ ನಿಂತಿದ್ದರೆ ಬ್ರೇಕ್ ಪೆಡಲ್ ಬಿಗಿಯಾಗುತ್ತದೆ ಎಂಬ ಎಚ್ಚರಿಕೆಯನ್ನು ಮಾತ್ರ ಮೊದಲೇ ಹೇಳಿದ್ದೆ.

ಬಾಟಲಿ

ಮನೆಗೆ ಬಂದ ಮೇಲೆ ನಾನು ಕೇಳಿದ ಮೊದಲ ಪ್ರಶ್ನೆ, "ಮೇಷ್ಟ್ರೇ, ಎಷ್ಟು ಇಳಿಯಿತು, ಎಷ್ಟು ಹಾಕಿದಿರಿ?" ಎಂದು. ಎಷ್ಟು ಇಳಿಯಿತೆಂದು ಅವರಿಗೆ ಗೊತ್ತಿರಲಿಲ್ಲ. ಎಷ್ಟು ಹಾಕಿದೆ ಎಂಬುದನ್ನು ಹೇಳಬಲ್ಲೆ, ಮಿಕ್ಕದ್ದನ್ನು ಎತ್ತಿಟ್ಟಿದ್ದೇನೆ ಎಂದು ಒಳಗೆ ಹೋಗಿ ಒಂದು ಬಾಟಲಿ ತಂದರು. ಒಂದು ಲೀಟರಿನ ಕುಡಿಯುವ ನೀರಿನ ಬಾಟಲಿ, ಅದರಲ್ಲಿ ಅರ್ಧಕ್ಕಿಂತ ಮೇಲೆ ತಿಳಿಹಸಿರು ದ್ರವ. ಮೂರು ದಿನದಿಂದ ಅದು ಜಗುಲಿಯ ಕಿಟಕಿಯ ಮೇಲಿತ್ತು. ಆ ಜಗುಲಿಯಲ್ಲಿ ಸಂಜೆ ಮನೆಪಾಠಕ್ಕೆ ಹನ್ನೆರಡು ಮಕ್ಕಳು ಕೂರುತ್ತಾರೆ.

ಮೊದಲು ಅದನ್ನು ನಾನು ಅವರ ಕೈಯಿಂದ ತೆಗೆದುಕೊಂಡೆ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಮತ್ತು ಅದು ವಿಷ. ದೇಹದೊಳಗೆ ಅದು ಒಡೆದು ಆಕ್ಸಾಲಿಕ್ ಆಮ್ಲವಾಗಿ, ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮೊದಲು ಕುಡಿದವರಂತೆ ತೂರಾಟ, ವಾಂತಿ. ಆಮೇಲೆ ಸ್ವಲ್ಪ ಸುಧಾರಿಸಿದಂತೆ ಕಂಡು, ಒಂದೆರಡು ದಿನದಲ್ಲಿ ಮೂತ್ರ ನಿಲ್ಲುತ್ತದೆ. ಬೀದಿನಾಯಿ, ಬೆಕ್ಕುಗಳಿಗೆ ಕೆಲವು ಚಮಚವೇ ಸಾಕು. ಶರಬತ್ತಿನ ಬಣ್ಣದ ಈ ದ್ರವವನ್ನು ಬಾಯಾರಿದ ಮಗು ನೀರಿನ ಬಾಟಲಿಯಲ್ಲಿ ಕಂಡರೆ ಏನು ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು. ನಾನು ಕಾಂಪೌಂಡಿನ ಆಚೆಯಿಂದ ಹೇಳದೆ ಬಿಟ್ಟ ಎರಡು ಮಾತುಗಳಲ್ಲಿ ಒಂದು ಇದು. ಕೂಲಂಟನ್ನು ತಿನ್ನುವ, ಕುಡಿಯುವ ಯಾವ ಪಾತ್ರೆಗೂ ಹಾಕಕೂಡದು, ತೆರೆದ ಬಕೆಟ್ಟಿನಲ್ಲಿ ಒಂದು ಗಳಿಗೆಯೂ ಬಿಟ್ಟು ಹೋಗಕೂಡದು.

ಹೇಳದೆ ಬಿಟ್ಟ ಇನ್ನೊಂದು ಮಾತು, ಅಳೆಯಿರಿ ಎಂಬುದು. ಅದಕ್ಕೆ ಸಾಕ್ಷಿಯೂ ಅದೇ ಬಾಟಲಿಯಲ್ಲಿತ್ತು. ಅಳತೆ ಜಗ್ಗಿಗೆ ಸುರಿದು ನೋಡಿದರೆ ಮಿಕ್ಕದ್ದು 600 ಮಿಲಿಲೀಟರ್. ಅಂದರೆ ಒಳಗೆ ಹೋದದ್ದು 1.9 ಲೀಟರ್. ಅದೇ ಪ್ಲಗ್ಗಿನಿಂದ ನಾವು ಆಮೇಲೆ ಪೂರ್ತಿ ತುಂಬಿಸಿ ಇಳಿಸಿದಾಗಲೆಲ್ಲ ಹೊರಬಂದದ್ದು 2.5 ಲೀಟರ್. ವ್ಯತ್ಯಾಸದ 600 ಮಿಲಿಲೀಟರ್ ಜಾಗದಲ್ಲಿ ಗಾಳಿ ಕೂತಿತ್ತು. ಮೇಷ್ಟ್ರು ಒಂದು ಹಾಳೆ ತೆಗೆದುಕೊಂಡು ಇನ್ನೊಂದು ಲೆಕ್ಕವನ್ನೂ ಹಾಕಿದರು: ಸಿದ್ಧ ಕೂಲಂಟಿಗೆ ಸಮಪಾಲು ನೀರು ಸೇರಿದ್ದರಿಂದ ಹಾಕಿದ ಬೆರಕೆಯಲ್ಲಿ ಗ್ಲೈಕಾಲ್ ಕಾಲುಭಾಗ ಮಾತ್ರ; ಅದು ಒಳಗಿದ್ದ, ಅಲ್ಪಸ್ವಲ್ಪ ಗ್ಲೈಕಾಲ್ ಮಾತ್ರ ಉಳಿದಿದ್ದ ಎರಡು ಲೀಟರ್ ಹಳೆಯ ನೀರಿಗೆ ಸೇರಿದರೆ ಶೇ. 15ರ ಆಸುಪಾಸು. ಮರುದಿನ ಸಂಸ್ಥೆಯಿಂದ ತಂದ, ದ್ರವದಲ್ಲಿ ಗ್ಲೈಕಾಲ್ ಎಷ್ಟಿದೆ ಎಂದು ತೋರಿಸುವ ರಿಫ್ರಾಕ್ಟೋಮೀಟರಿನ ಗಾಜಿಗೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿದು ನೋಡಿದಾಗ ಗೆರೆ ಅಲ್ಲಿಯೇ ನಿಂತಿತ್ತು. ಹೊಸ ಕೂಲಂಟ್ ಹಾಕಿದ ಕಾರಿನಲ್ಲಿ ಇರಬೇಕಾದ ಸಾಂದ್ರತೆಯ ಮೂರನೇ ಒಂದು ಭಾಗ ಮಾತ್ರ ಇತ್ತು.

ಎರಡನೆಯ ಪ್ರಯತ್ನ

ಮೊದಲು ತಿಳಿಯಬೇಕಾಗಿದ್ದು ಎಂಜಿನ್ನಿಗೆ ಪೆಟ್ಟಾಗಿದೆಯೇ ಎಂಬುದು. ಆಯಿಲ್ ಮುಚ್ಚಳದ ಕೆಳಗೆ ಕಾಫಿಯಂಥ ನೊರೆ ಇರಲಿಲ್ಲ, ಆಯಿಲ್ ಮಟ್ಟ ಏರಿರಲಿಲ್ಲ, ಅಂದರೆ ಆಯಿಲಿಗೆ ಕೂಲಂಟ್ ಬೆರೆತಿರಲಿಲ್ಲ. ರೇಡಿಯೇಟರ್ ಬಾಯಿಗೆ ನೀಲಿ ದ್ರವದ ಪರೀಕ್ಷಾ ಕೊಳವೆ ಇಟ್ಟು, ಎಂಜಿನ್ ಓಡಿಸಿ, ಅಲ್ಲಿಯ ಗಾಳಿಯನ್ನು ಅದರ ಮೂಲಕ ಹಾಯಿಸಿದೆವು. ಸಿಲಿಂಡರಿನ ಹೊಗೆ ಕೂಲಂಟಿನೊಳಗೆ ನುಸುಳುತ್ತಿದ್ದರೆ ಆ ನೀಲಿ ಹಳದಿಯಾಗುತ್ತದೆ. ಅದು ನೀಲಿಯಾಗಿಯೇ ಉಳಿಯಿತು. ಹಳದಿಯಾಗಿದ್ದರೆ ಮನೆಯ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು, ಕಾರು ಗ್ಯಾರೇಜಿಗೆ ಹೋಗಬೇಕಾಗುತ್ತಿತ್ತು.

ಮುಂದಿನ ತೀರ್ಮಾನ, ಬ್ಲಾಕಿನಲ್ಲಿ ಉಳಿಯುವ ಎರಡು ಲೀಟರನ್ನು ಏನು ಮಾಡುವುದು ಎಂಬುದು. ಬ್ಲಾಕಿಗೆ ಬೇರೆಯೇ ಒಂದು ಡ್ರೈನ್ ಬೋಲ್ಟ್ ಇದೆ. ಆದರೆ ಅದು ಸೈಲೆನ್ಸರ್ ಪೈಪಿನ ಹಿಂದೆ, ಒಂಬತ್ತು ವರ್ಷದಿಂದ ಮುಟ್ಟದೆ ತುಕ್ಕು ಹಿಡಿದು ಕೂತಿತ್ತು. ಕೆಳಗೆ ಮಲಗಿ, ಕಾಣದ ಜಾಗಕ್ಕೆ ಪಾನಾ ಹಾಕಿ ಅದರ ಮೂಲೆ ಸವೆಸಿದರೆ ಮತ್ತೊಂದು ದೊಡ್ಡ ಕೆಲಸ ಹುಟ್ಟುತ್ತದೆ. ಅದನ್ನು ಮುಟ್ಟುವುದು ಬೇಡ, ಬದಲಿಗೆ ನೀರು ತುಂಬಿ, ಓಡಿಸಿ, ಇಳಿಸಿ ತೆಳುಮಾಡುತ್ತಾ ಹೋಗೋಣ ಎಂದು ನಿರ್ಧರಿಸಿದೆವು. ಪ್ರತಿ ಸಲ 4.5ರಲ್ಲಿ 2 ಲೀಟರ್ ಒಳಗೆ ಉಳಿಯುತ್ತದೆ ಎಂದರೆ ಹಳೆಯದರ ಪಾಲು ಪ್ರತಿ ಸುತ್ತಿಗೂ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಮೂರು ಸುತ್ತು ನೀರು, ನಾಲ್ಕನೆಯದು ಕೂಲಂಟ್ ಎಂದು ಲೆಕ್ಕ ಹಾಕಿದಾಗ ಕೊನೆಯಲ್ಲಿ ಹಳೆಯದು ಶೇ. 4ಕ್ಕಿಂತ ಕಡಿಮೆ ಉಳಿಯುತ್ತದೆ ಎಂದು ಮೇಷ್ಟ್ರ ಹಾಳೆ ಹೇಳಿತು. ಮೊದಲೆರಡು ಸುತ್ತಿಗೆ ಮನೆಯ ಆರ್.ಒ. ಯಂತ್ರದ ನೀರನ್ನು ಬಳಸಿದೆವು. ಅದರ ಲವಣಾಂಶ ಲೀಟರಿಗೆ 50 ಮಿಲಿಗ್ರಾಂ ಇತ್ತು. ತೊಳೆಯಲು ಅದು ಸಾಕು, ಒಳಗೆ ಉಳಿಸಲು ಸಾಲದು ಎಂಬುದು ನನ್ನ ಅಭಿಪ್ರಾಯ. ಮೂರನೆಯ ಸುತ್ತಿಗೆ ಡಿಸ್ಟಿಲ್ಡ್ ವಾಟರ್ ಹಾಕಿದೆವು. ಇನ್‌ವರ್ಟರ್ ಬ್ಯಾಟರಿಗೆ ಹಾಕಲು ಕ್ಯಾನಿನಲ್ಲಿ ಸಿಗುತ್ತದಲ್ಲ, ಅದೇ.

ಪ್ರತಿ ಸುತ್ತಿನಲ್ಲಿಯೂ ಥರ್ಮೋಸ್ಟಾಟ್ ತೆರೆಯುವ ತನಕ ಎಂಜಿನ್ ಓಡಬೇಕು, ಆಮೇಲೆ ಕೈಯಿಟ್ಟರೆ ಸುಡದಷ್ಟು ತಣ್ಣಗಾಗಬೇಕು. ಕಾದ ಹೆಡ್ಡಿಗೆ ತಣ್ಣೀರು ಸುರಿದರೆ ಅದು ಸೀಳಬಹುದು. ಒಂದೇ ದಿನದಲ್ಲಿ ಮುಗಿಸೋಣ ಎಂದು ಮೇಷ್ಟ್ರು ಆತುರಪಟ್ಟರೂ ನಾನು ಒಪ್ಪಲಿಲ್ಲ. ಶನಿವಾರ, ಭಾನುವಾರ ಎರಡೂ ದಿನ ಹಿಡಿಯಿತು.

ಮೊದಲ ಸುತ್ತಿನಲ್ಲಿಯೇ ಥರ್ಮೋಸ್ಟಾಟ್ ಬಿಚ್ಚಿದೆವು, ಎರಡು ಬೋಲ್ಟಿನ ಕೆಲಸ. ಅದರ ತಟ್ಟೆಯ ಅಂಚಿನಲ್ಲಿ ಒಂದು ಸಣ್ಣ ರಂಧ್ರ, ಅದರಲ್ಲಿ ಅಲುಗಾಡುವ ಒಂದು ಪುಟ್ಟ ಪಿನ್ನು ಇರುತ್ತದೆ. ಥರ್ಮೋಸ್ಟಾಟ್ ಮುಚ್ಚಿದ್ದಾಗಲೂ ಹಿಂದೆ ಸಿಕ್ಕಿಕೊಂಡ ಗಾಳಿ ಅದರ ಮೂಲಕ ಮೇಲೆ ಹೋಗಲೆಂದು ಮಾಡಿದ ದಾರಿ ಅದು. ಮೇಷ್ಟ್ರ ಕಾರಿನಲ್ಲಿ ಆ ರಂಧ್ರ ಬಿಳಿ ಪದರದಿಂದ ಪೂರ್ತಿ ಕಟ್ಟಿಕೊಂಡಿತ್ತು. ನಿಧಾನವಾಗಿ ತುಂಬಿದ್ದರೂ 600 ಮಿಲಿಲೀಟರ್ ಗಾಳಿ ಹೊರಗೆ ಹೋಗದೆ ಕೂತದ್ದೇಕೆ ಎಂಬ ಒಗಟು ಅಲ್ಲಿ ಬಿಡಿಸಿತು: ವರ್ಷಗಳ ಕಾಲ ಡಬ್ಬಿಗೆ ಸುರಿದ ಬೋರ್‌ವೆಲ್ ನೀರೇ ಈ ಬಾಗಿಲನ್ನೂ ಹಾಕಿತ್ತು. ಅಡುಗೆಗೆ ಬಳಸದ ಹಳೆಯ ಪಾತ್ರೆಯೊಂದರಲ್ಲಿ ನೀರು ಕಾಯಿಸಿ ಅದನ್ನು ದಾರದಲ್ಲಿ ತೂಗುಬಿಟ್ಟು ನೋಡಿದೆವು. ಮೇಲೆ 82 ಎಂದು ಅಚ್ಚಾಗಿತ್ತು. ಸುಮಾರು 84 ಡಿಗ್ರಿಯಲ್ಲಿ ತೆರೆಯಲು ಶುರುವಾಯಿತು, ಅಂದರೆ ಬಿಸಿಗೆ ಹಿಗ್ಗಿ ಅದನ್ನು ತೆರೆಸುವ ಮೇಣದ ಗುಂಡು ಇನ್ನೂ ಚೆನ್ನಾಗಿತ್ತು. ಆದರೂ ಹೊಸದನ್ನು, ಹೊಸ ರಬ್ಬರ್ ಉಂಗುರದೊಂದಿಗೆ, ಪಿನ್ನು ಮೇಲಿರುವಂತೆ ಕೂರಿಸಿದೆವು. ರೇಡಿಯೇಟರ್ ಮುಚ್ಚಳದ ರಬ್ಬರೂ ಗಟ್ಟಿಯಾಗಿ ಸೀಳಿತ್ತು. ಅದರ ಮೇಲೆ 1.1 ಎಂದಿತ್ತು; ಅಂಗಡಿಯಲ್ಲಿ 0.9 ಇರುವುದನ್ನು ಕೊಡಲು ಬಂದರು, ಅಳತೆ ಒಂದೇ ಎಂದರು. ಬಾಯಿಯ ಅಳತೆ ಒಂದೇ ಹೌದು, ಹಿಡಿಯುವ ಒತ್ತಡ ಒಂದೇ ಅಲ್ಲ. 1.1ರದೇ ತರಿಸಿಕೊಂಡೆವು.

ಮೂರನೆಯ ನೀರು ತಿಳಿಯಾಗಿ ಇಳಿದ ಮೇಲೆ ಮೇಷ್ಟ್ರು ತಮ್ಮಲ್ಲಿ ಮಿಕ್ಕಿದ್ದ ಸಿದ್ಧ ಕೂಲಂಟ್ ಡಬ್ಬಿಯನ್ನು ಕೈಗೆತ್ತಿಕೊಂಡರು. ಮನೆಯಲ್ಲಿ ಈ ಕೆಲಸ ಮಾಡುವ ಬಹುಪಾಲು ಜನ ಎಡವುವ ಜಾಗ ಇದು. ಒಳಗೆ ಎರಡು ಲೀಟರ್ ಶುದ್ಧ ನೀರು ಆಗಲೇ ಕೂತಿದೆ. ಅದರ ಮೇಲೆ ಅರ್ಧ ನೀರಿರುವ ಸಿದ್ಧ ಕೂಲಂಟನ್ನು 2.5 ಲೀಟರ್ ಹಾಕಿದರೆ ಒಟ್ಟು 4.5ರಲ್ಲಿ ಗ್ಲೈಕಾಲ್ 1.25 ಲೀಟರ್, ಅಂದರೆ ಶೇ. 28. ತೊಳೆದ ನೀರು ಹೀಗೆ ಒಳಗೆ ಉಳಿದಿರುವಾಗ ಸಿದ್ಧ ಕೂಲಂಟ್ ಹಾಕಿದರೆ ಬೆರಕೆ ಸರಿಹೋಗುವುದಿಲ್ಲ. ಅಲ್ಲಿ ಬೇಕಾದದ್ದು ಗಟ್ಟಿ ಕೂಲಂಟ್. ಹಾಗೆಂದು ಬರೀ ಗಟ್ಟಿ ಕೂಲಂಟನ್ನೇ ತುಂಬಿಸಿದರೂ ತಪ್ಪು, ಏಕೆಂದರೆ ಬಿಸಿಯನ್ನು ಹೊತ್ತೊಯ್ಯುವ ಶಕ್ತಿ ನೀರಿಗೆ ಹೆಚ್ಚು, ಗ್ಲೈಕಾಲಿಗೆ ಕಡಿಮೆ. 4.5ರ ಅರ್ಧ 2.25 ಲೀಟರ್ ಗಟ್ಟಿ ಕೂಲಂಟ್, ಮಿಕ್ಕ ಕಾಲು ಲೀಟರ್ ಡಿಸ್ಟಿಲ್ಡ್ ವಾಟರ್ ಎಂದು ಲೆಕ್ಕ ಸಿಕ್ಕಿತು. ಕೈಪಿಡಿಯಲ್ಲಿ ಹೇಳಿದ ಸಿಲಿಕೇಟ್ ರಹಿತ ಮಾದರಿಯನ್ನು ಹುಡುಕಿ ತಂದರು. ಅದರ ಬಣ್ಣ ಕೆಂಪಾಗಿತ್ತು.

ತುಂಬುವ ಮೊದಲು ಕಾರನ್ನು ಗೇಟಿನ ಇಳಿಜಾರಿನಲ್ಲಿ ಮೂತಿ ಮೇಲಾಗಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆವು. ರೇಡಿಯೇಟರ್ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿದ್ದರೆ ಗಾಳಿ ಅಲ್ಲಿಗೇ ಬರುತ್ತದೆ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿದೆವು. ತೆಳುವಾಗಿ ಸುರಿಯುತ್ತಾ, ಮೇಲಿನ ಹೋಸ್ ಪೈಪನ್ನು ಆಗಾಗ ಹಿಂಡುತ್ತಾ ಹೋದರೆ 2.1 ಲೀಟರಿಗೆ ಬಾಯಿ ತುಂಬಿತು. ಮೊದಲ ಸಲ ಮೇಷ್ಟ್ರು ಮುಚ್ಚಳ ಹಾಕಿದ್ದು ಇಂಥ ಘಟ್ಟದಲ್ಲಿಯೇ. ಈ ಸಲ ಬಾಯಿಗೆ ದೊಡ್ಡ ಆಲಿಕೆಯನ್ನು ರಬ್ಬರಿನಿಂದ ಬಿಗಿದು, ಅದರಲ್ಲಿ ಒಂದಿಷ್ಟು ನಿಲ್ಲಿಸಿ, ಮುಚ್ಚಳವಿಲ್ಲದೆ ಎಂಜಿನ್ನನ್ನು ಐಡಲಿನಲ್ಲಿ ಓಡಿಸಿ ಕಾದೆವು. ಹದಿನೈದು ನಿಮಿಷ ಏನೂ ಆಗಲಿಲ್ಲ. ಆಮೇಲೆ ತಣ್ಣಗಿದ್ದ ಮೇಲಿನ ಹೋಸು ಇದ್ದಕ್ಕಿದ್ದಂತೆ ಬಿಸಿಯಾಯಿತು, ಥರ್ಮೋಸ್ಟಾಟ್ ತೆರೆದಿತ್ತು. ಆಲಿಕೆಯಲ್ಲಿ ದೊಡ್ಡ ದೊಡ್ಡ ಗುಳ್ಳೆ ಎದ್ದು ಮಟ್ಟ ಕುಸಿಯಿತು. ಕಾರಿನೊಳಗೆ ಕೂತಿದ್ದ ತಂಗಿ, "ಅಣ್ಣಾ, ಬಿಸಿ ಗಾಳಿ ಬಂತು" ಎಂದು ಕೂಗಿದರು. ಹೀಟರಿನ ಸುರುಳಿಯಲ್ಲಿ ಗಾಳಿಯಿದ್ದರೆ ಎಂಜಿನ್ ಕಾದಿದ್ದರೂ ಅಲ್ಲಿ ತಣ್ಣನೆಯ ಗಾಳಿಯೇ ಬರುತ್ತದೆ. ಹಾಗಾಗಿ ಈ ಒಂದು ಗುರುತನ್ನು ನಾನು ಮುಳ್ಳಿಗಿಂತ ಹೆಚ್ಚು ನಂಬುತ್ತೇನೆ. ಗುಳ್ಳೆ ನಿಲ್ಲುವ ಹೊತ್ತಿಗೆ ಇನ್ನೂ 300 ಮಿಲಿಲೀಟರ್ ಒಳಗೆ ಹೋಗಿತ್ತು. ಫ್ಯಾನ್ ಎರಡು ಸಲ ತಿರುಗಿ ನಿಂತ ಮೇಲೆ ಎಂಜಿನ್ ಆರಿಸಿ, ತಣಿಯಲು ಬಿಟ್ಟು, ಮುಚ್ಚಳ ಹಾಕಿದೆವು. ಮರುದಿನ ಬೆಳಿಗ್ಗೆ ಡಬ್ಬಿಯಲ್ಲಿ ಮಟ್ಟ ಇಳಿದಿತ್ತು, 100 ಮಿಲಿಲೀಟರ್ ಹಿಡಿಯಿತು. ಒಟ್ಟು 2.5. ಹೊರಬಂದಷ್ಟೇ ಒಳಹೋಗಿತ್ತು. ರಿಫ್ರಾಕ್ಟೋಮೀಟರ್ ಶೇ. 50ರ ಹತ್ತಿರ ತೋರಿಸಿತು.

ನಾಲ್ಕು ಸಲ ಇಳಿಸಿದ ಸುಮಾರು ಹತ್ತು ಲೀಟರ್ ಕೊಳೆನೀರನ್ನು ಈ ಸಲ ಚರಂಡಿಗೆ ಚೆಲ್ಲಲಿಲ್ಲ. ನಮ್ಮ ಬೀದಿಯ ಚರಂಡಿ ಹೋಗಿ ಸೇರುವುದು ಊರ ಕೆರೆಗೆ. ಐದೈದು ಲೀಟರಿನ ಎರಡು ಖಾಲಿ ಕ್ಯಾನುಗಳಿಗೆ ತುಂಬಿ, ಕೆಂಪು ಅಕ್ಷರದಲ್ಲಿ ವಿಷ ಎಂದು ಬರೆದು, ಹಳೆಯ ಆಯಿಲನ್ನು ಮರುಬಳಕೆಯವರಿಗೆ ಒಪ್ಪಿಸುವ ಒಂದು ಸರ್ವಿಸ್ ಸೆಂಟರಿಗೆ ಮೇಷ್ಟ್ರು ತಾವೇ ಹೋಗಿ ಕೊಟ್ಟು ಬಂದರು. ಜಗುಲಿಯ ಬಾಟಲಿಯ ದ್ರವವೂ ಅದರ ಜೊತೆಗೇ ಹೋಯಿತು.

ಫಲಿತಾಂಶ ಮತ್ತು ಅದರಿಂದ ತಿಳಿದದ್ದು

ತಿರುಮಲದ ಘಾಟಿಯಲ್ಲಿ ಮುಳ್ಳು ಅಲುಗಲಿಲ್ಲ. ನಾನು ಕೊಟ್ಟು ಕಳಿಸಿದ್ದ, ಎಂಜಿನ್ನಿನ ಕಂಪ್ಯೂಟರಿನಿಂದ ಅಂಕಿಗಳನ್ನು ಓದಿ ತೋರಿಸುವ ಒಬಿಡಿ ಸಾಧನ ತಿರುವುಗಳಲ್ಲಿ 92ರಿಂದ 98 ಡಿಗ್ರಿಯ ನಡುವೆ ತೋರಿಸಿತೆಂದು ತಂಗಿ ಬರೆದುಕೊಂಡು ಬಂದಿದ್ದರು.

ಈ ಪ್ರಕರಣವನ್ನು ನನ್ನ ವಿದ್ಯಾರ್ಥಿಗಳ ಮುಂದೆ ಇಡುವಾಗ ನಾನು ಒತ್ತಿ ಹೇಳುವುದು ಒಂದೇ ವಿಷಯ. ಮೇಷ್ಟ್ರು ಮಾಡಿದ ತಪ್ಪುಗಳು ಬೇರೆಬೇರೆಯಾಗಿ ಕಾಣುತ್ತವೆ: ಡಬ್ಬಿಯ ಹಿಂಬದಿ ಓದಲಿಲ್ಲ, ಬ್ಲಾಕಿನ ನೀರನ್ನು ಮರೆತರು, ಗಾಳಿಯನ್ನು ಬಿಟ್ಟರು. ಆದರೆ ಬಕೆಟ್ಟಿಗೆ ಬಿದ್ದದ್ದನ್ನು ಅಳೆದು 4.5ರ ಪಕ್ಕದಲ್ಲಿ ಬರೆದಿದ್ದರೆ, ಎರಡು ಲೀಟರ್ ಎಲ್ಲಿ ಎಂಬ ಪ್ರಶ್ನೆ ಅಲ್ಲಿಯೇ ಏಳುತ್ತಿತ್ತು. ಜಗ್ಗಿನಲ್ಲಿ ಮಿಕ್ಕ 600 ಮಿಲಿಲೀಟರನ್ನು ಉಳಿತಾಯವೆಂದು ಎತ್ತಿಡುವ ಬದಲು ಕೊರತೆಯೆಂದು ನೋಡುತ್ತಿದ್ದರು. ಕೂಲಿಂಗ್ ವ್ಯವಸ್ಥೆಯೊಳಗೆ ಇಣುಕಿ ನೋಡಲು ನಮಗೆ ಕಿಟಕಿಯಿಲ್ಲ. ಒಳಗೆ ಏನಿದೆ ಎಂಬುದನ್ನು ಹೇಳುವುದು ಈ ಎರಡು ಅಂಕಿಗಳು ಮಾತ್ರ. ಅಳತೆಯ ಜಗ್ಗಿಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ ಎಂದು ನಾನು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ, ಮತ್ತು ಆ ಜಗ್ಗು ಮತ್ತೆ ಅಡುಗೆಮನೆಗೆ ಹೋಗಕೂಡದು ಎಂದೂ ಹೇಳುತ್ತೇನೆ. ಕುದಿಯುವಾಗ ಮುಚ್ಚಳ ಮುಟ್ಟದಿರುವುದು, ನೀರಿನ ಬಾಟಲಿಗೆ ಕೂಲಂಟ್ ಸುರಿಯದಿರುವುದು ಇವೆರಡೂ ಪಾಠದ ಕೊನೆಗೆ ಬರುವ ಎಚ್ಚರಿಕೆಗಳಲ್ಲ, ಮೊದಲ ಸಾಲುಗಳು.

ಆ ಮೇಲೆ

ಎರಡು ತಿಂಗಳ ನಂತರ ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದ ಸುತ್ತ ಕೆಂಪು ಹುಡಿ ಕಟ್ಟಿದ್ದನ್ನು ಮೇಷ್ಟ್ರೇ ಗುರುತಿಸಿದರು. ಪಂಪಿನ ಒಳಸೀಲು ಸೋರುತ್ತಿತ್ತು. ಗಡಸು ನೀರಿನ ಪದರ ಅದನ್ನು ಸವೆಸಿತ್ತೋ, ಆ ಪದರವೇ ಇಷ್ಟು ದಿನ ಸೋರಿಕೆಯನ್ನು ಮುಚ್ಚಿಟ್ಟು ತೊಳೆದ ಮೇಲೆ ಬಯಲಾಯಿತೋ, ಎರಡೂ ಸಾಧ್ಯ. ಡಬ್ಬಿಯ ಮಟ್ಟ ವರ್ಷಗಳಿಂದ ಇಳಿಯುತ್ತಿದ್ದದ್ದಕ್ಕೂ ಇದೇ ಕಾರಣವಿರಬೇಕೆಂದು ಈಗ ಅನಿಸುತ್ತದೆ; ಅಂದು ಅದನ್ನು ನಾವಿಬ್ಬರೂ ಕೇಳಿಕೊಳ್ಳಬೇಕಿತ್ತು. ಪಂಪ್ ಬದಲಿಸುವುದು ಮನೆಯ ಕೆಲಸವಲ್ಲವಾದ್ದರಿಂದ ಕಾರು ಗ್ಯಾರೇಜಿಗೆ ಹೋಯಿತು. ಮೇಷ್ಟ್ರು ಜೊತೆಗೆ ಗಟ್ಟಿ ಕೂಲಂಟ್, ಡಿಸ್ಟಿಲ್ಡ್ ವಾಟರ್, ಅಳತೆ ಜಗ್ಗು ಮೂರನ್ನೂ ಒಯ್ದರು. ನಲ್ಲಿಗೆ ಪೈಪು ಸಿಕ್ಕಿಸುತ್ತಿದ್ದ ಹುಡುಗನೊಬ್ಬನನ್ನು ತಡೆದು, ಪಕ್ಕದಲ್ಲಿ ನಿಂತು ತುಂಬಿಸಿದರು. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅವರು ಇಟ್ಟಿರುವ ಪುಸ್ತಕದಲ್ಲಿ ಆ ದಿನದ ತಾರೀಕಿನ ಮುಂದೆ, ಗಣಿತದ ಮೇಷ್ಟ್ರ ಗುಂಡಗಿನ ಅಕ್ಷರದಲ್ಲಿ, ಎರಡು ಸಾಲುಗಳಿವೆ: ಹೊರಬಂದದ್ದು 3.1 ಲೀಟರ್, ಒಳಹೋದದ್ದು 3.0, ಮರುದಿನ ಬೆಳಿಗ್ಗೆ 0.1.